ತಂಪು ಸೋರಿದ ದಾರಿ

ಲಾರಿಯ ಎಸಿಯಿಂದ ಬಿಚ್ಚಿದ ಹಳೆಯ ಕಂಪ್ರೆಸರನ್ನು ಬೋರಲು ಹಾಕಿ ಅರ್ಧ ಗಂಟೆ ಬಿಟ್ಟರೂ ಕೆಳಗಿಟ್ಟ ಗಾಜಿನ ಲೋಟಕ್ಕೆ ಇಳಿದ ಎಣ್ಣೆ ಎರಡು ಚಮಚದಷ್ಟೂ ಇರಲಿಲ್ಲ. ಇಳಿದದ್ದೂ ಕಪ್ಪು. ಬಿಸಿಲಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಬೆಳ್ಳಿ ಚೂರುಗಳು, ಹಳೆ ಸೀರೆಯ ಜರಿ ಉದುರಿದ ಹಾಗೆ. ಅದು ಪಿಸ್ಟನ್ ಮತ್ತು ಸಿಲಿಂಡರ್ ತಿಕ್ಕಾಡಿ ಸವೆದ ಅಲ್ಯೂಮಿನಿಯಂ. ಪುಲ್ಲಿ ಮಾತ್ರ ಸಲೀಸಾಗಿ ತಿರುಗುತ್ತಿತ್ತು, ಅದರ ಬೇರಿಂಗಿಗೇನೂ ಆಗಿರಲಿಲ್ಲ. ಮುಂದಿನ ಕ್ಲಚ್ ತಟ್ಟೆಯನ್ನು ಕೈಯಲ್ಲಿ ತಿರುಗಿಸಲು ನೋಡಿದರೆ ಒಂದು ಕೂದಲೆಳೆಯೂ ಅಲುಗಲಿಲ್ಲ. ಅಂದರೆ ಒಳಗಿನ ಶಾಫ್ಟೇ ಕಚ್ಚಿಕೊಂಡಿದೆ.

ಲಾರಿ ನನ್ನ ಬಾವನದ್ದು. ಗಂಗೊಳ್ಳಿಯಲ್ಲಿ ಸಂಜೆ ಮೀನು ತುಂಬಿಸಿಕೊಂಡು ರಾತ್ರಿಯಿಡೀ 66ರ ಹೆದ್ದಾರಿಯಲ್ಲಿ ತೆಂಕು ಮುಖವಾಗಿ ಓಡಿ ಕೇರಳಕ್ಕೆ ಮುಟ್ಟಿಸುವ ಕೆಲಸ. ಮರಳುವುದು ಹಗಲಲ್ಲಿ, ಖಾಲಿ ಪೆಟ್ಟಿಗೆಗಳನ್ನು ಹೊತ್ತು. ಇಂಜಿನ್ ಇರುವುದು ಸೀಟಿನ ಬುಡದಲ್ಲಿ, ಎದುರಿಗೆ ಹಾಸು ಗಾಜು, ಆ ಗಾಜಿಗೆ ಏಪ್ರಿಲ್ ತಿಂಗಳ ಬಿಸಿಲು. ಹೋಗುವಾಗ ಹಿಂದಿನ ಪೆಟ್ಟಿಗೆಯಲ್ಲಿ ಮೀನು ಮಂಜುಗಡ್ಡೆಯೊಳಗೆ ತಣ್ಣಗೆ ಮಲಗಿರುತ್ತದೆ. ಅದನ್ನು ಹೊತ್ತೊಯ್ಯುವವನಿಗೂ ತಂಪು ಬೇಕೆಂದು ನಮ್ಮ ದೇಶಕ್ಕೆ ಹೊಳೆಯಲು ಬಹಳ ಕಾಲ ಹಿಡಿಯಿತು. 2023ರ ಡಿಸೆಂಬರಿನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ಅಧಿಸೂಚನೆ ಹೊರಡಿಸಿತು: 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ 3.5 ಟನ್ ಮೀರಿದ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಒಳ್ಳೆಯ ಕಾನೂನು. ಆದರೆ ಹೊಸ ಲಾರಿಗಳೂ ನಾಲ್ಕಾರು ವರ್ಷದಲ್ಲಿ ಹಳತಾಗುತ್ತವೆ, ಆಗ ಅವುಗಳ ಎಸಿಯನ್ನು ಸರಿಯಾಗಿ ರಿಪೇರಿ ಮಾಡುವ ಕೈಗಳೂ ಊರಲ್ಲಿ ಇರಬೇಕಾಗುತ್ತದೆ. ಬಾವನ ಲಾರಿಯಲ್ಲಿ ಕಂಪನಿಯೇ ಕೂರಿಸಿದ ಎಸಿ ಇತ್ತು. ಅದನ್ನು ನೋಡಿಯೇ ಆತ ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು.

"ಗ್ಯಾಸ್ ಖಾಲಿ ಆಯ್ತ್ ಬಾವ, ತುಂಬ್ಸಿರೆ ಸಾಕಲ್ದಾ?" ಎಂದು ಆತ ಫೋನು ಮಾಡಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ಹಿಂದೆ ಎಷ್ಟು ಸಲ ತುಂಬಿಸಿದ್ದೀ? ಮೂರು ಸಲ. ಹೋದ ಆಗಸ್ಟಿನಲ್ಲಿ, ಅದರ ಹಿಂದಿನ ಆಗಸ್ಟಿನಲ್ಲಿ, ನಡುವೆ ಒಂದು ಜನವರಿಯಲ್ಲಿ.

ಎರಡು ಆಗಸ್ಟ್ ಎಂದ ಕೂಡಲೇ ನನಗೆ ಅರ್ಧ ಕಥೆ ಅರ್ಥವಾಯಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಡಿಕಲ್ಲಿನಂಥ ಊರುಗಳ ನಾಡದೋಣಿಗಳು ಮಳೆಗಾಲದಲ್ಲೂ ಹೋಗುತ್ತವೆ ನಿಜ, ಆದರೆ ಅವು ತರುವ ಮೀನಿಗೆ ಇಷ್ಟೊಂದು ಲಾರಿ ಬೇಡ. ಹಾಗಾಗಿ ಬಾವನ ಲಾರಿ ಎರಡು ತಿಂಗಳು ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಲ್ಲುತ್ತದೆ. ಕಂಪ್ರೆಸರಿನ ಶಾಫ್ಟ್ ಹೊರಗೆ ಬಂದು ಕ್ಲಚ್ಚಿಗೆ ಸೇರುವ ಜಾಗದಲ್ಲಿ ಒಂದು ರಬ್ಬರ್ ಸೀಲ್ ಇದೆ. ಗ್ಯಾಸಿನ ಜೊತೆಗೇ ಸುತ್ತುವ ಎಣ್ಣೆ ಆ ಸೀಲಿನ ತುಟಿಯನ್ನು ಸದಾ ತೇವವಾಗಿ ಇಟ್ಟಿರುತ್ತದೆ. ಎರಡು ತಿಂಗಳು ಓಡಿಸದೆ ಬಿಟ್ಟರೆ ಎಣ್ಣೆ ತಳಕ್ಕೆ ಇಳಿದು ತುಟಿ ಒಣಗುತ್ತದೆ, ಗ್ಯಾಸ್ ಅಲ್ಲಿಂದ ಮೆಲ್ಲಗೆ ದಾರಿ ಮಾಡಿಕೊಳ್ಳುತ್ತದೆ. ಹೋಗುವಾಗ ಒಂದಿಷ್ಟು ಎಣ್ಣೆಯನ್ನೂ ಜೊತೆಗೆ ಒಯ್ಯುತ್ತದೆ. ಆಗಸ್ಟಿನಲ್ಲಿ ಗ್ಯಾಸ್ ತುಂಬಿಸಿದವರು ಗ್ಯಾಸನ್ನಷ್ಟೇ ತುಂಬಿಸಿದರು, ಹೋದ ಎಣ್ಣೆಯ ಲೆಕ್ಕ ಯಾರೂ ಕೇಳಲಿಲ್ಲ.

ಉಳಿದರ್ಧ ಕಥೆ ಕ್ಯಾಬಿನ್ ಎತ್ತಿದಾಗ ಸಿಕ್ಕಿತು. ಗ್ಯಾಸ್ ಕಡಿಮೆಯಾದರೆ ಕಂಪ್ರೆಸರ್ ಓಡದಂತೆ ತಡೆಯಲು ಪೈಪಿನ ಮೇಲೆ ಒಂದು ಪ್ರೆಶರ್ ಸ್ವಿಚ್ ಇರುತ್ತದೆ. ಅದರ ಸಾಕೆಟ್ಟನ್ನು ಕಳಚಿ, ಎರಡು ಬಾಯಿಗೆ ಒಂದು ತುಂಡು ವೈರ್ ಸಿಕ್ಕಿಸಿ, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಯಾವ ಊರಿನ ಯಾವ ಗ್ಯಾರೇಜಿನಲ್ಲಿ ಎಂದು ಬಾವನಿಗೂ ನೆನಪಿಲ್ಲ. ಎಸಿ ನಿಂತು ನಿಂತು ಹೊರಡುತ್ತಿದೆ ಎಂದು ದೂರು ಕೊಟ್ಟಿದ್ದನಂತೆ, ಹತ್ತು ನಿಮಿಷದಲ್ಲಿ ಸರಿ ಮಾಡಿಕೊಟ್ಟರಂತೆ. ಆ ಸ್ವಿಚ್ ಕೆಟ್ಟಿರಲಿಲ್ಲ, ತನ್ನ ಕೆಲಸವನ್ನೇ ಮಾಡುತ್ತಿತ್ತು. ಅದರ ಬಾಯಿ ಮುಚ್ಚಿಸಿದ ಮೇಲೆ ಕಂಪ್ರೆಸರ್ ಗ್ಯಾಸಿಲ್ಲದೆ, ಎಣ್ಣೆಯಿಲ್ಲದೆ ಓಡಿ ಓಡಿ ತನ್ನನ್ನೇ ಅರೆದುಕೊಂಡಿತು. ಈ ಕೆಲಸಕ್ಕೆ ನನ್ನಲ್ಲಿ ಕ್ಷಮೆ ಇಲ್ಲ.

ಮನೆಯಲ್ಲೇ ಕಂಪ್ರೆಸರ್ ಬದಲಿಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು: ಬಿಚ್ಚುವುದು, ತೊಳೆಯುವುದು, ಕೂರಿಸುವುದು ನಿಮ್ಮದು. ಗ್ಯಾಸಿನ ಕೆಲಸ ಯಂತ್ರ ಇದ್ದವರದು. ನಾನು ಕುಂದಾಪುರದಿಂದ ಎಸಿ ಕೆಲಸದ ಹುಡುಗನೊಬ್ಬನನ್ನು ಎರಡು ಸಲ ಕರೆಸಿದೆ, ಮೊದಲು ಉಳಿದ ಗ್ಯಾಸ್ ತೆಗೆಯಲು, ಕೊನೆಗೆ ಹೊಸತು ತುಂಬಲು. ಉಳಿದದ್ದು ಸ್ವಲ್ಪವೇ ಆಗಿದ್ದರೂ ಅದನ್ನು ಗಾಳಿಗೆ ಬಿಡಲಿಲ್ಲ, ಸಿಲಿಂಡರಿಗೆ ಹಿಡಿದೆವು. ನಮ್ಮ ವಾಹನಗಳಲ್ಲಿ ಹೆಚ್ಚಾಗಿ ಇರುವುದು ಆರ್-134ಎ. ಓಝೋನ್ ಪದರವನ್ನು ತಿನ್ನುತ್ತಿದ್ದ ಹಳೆಯ ಆರ್-12ಅನ್ನು 1987ರ ಮಾಂಟ್ರಿಯಲ್ ಒಪ್ಪಂದ ಮೂಲೆಗೆ ಸರಿಸಿದ ಮೇಲೆ ಆ ಜಾಗಕ್ಕೆ ಬಂದದ್ದು ಇದು. ಓಝೋನಿಗೆ ಇದರಿಂದ ತೊಂದರೆಯಿಲ್ಲ, ಆದರೆ ಒಂದು ಕಿಲೋ ಗಾಳಿಗೆ ಬಿಟ್ಟರೆ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಕಾಯುತ್ತದೆ. ಇನ್ನೊಂದು, ಇದು ಹೊರಗಿನ ಗಾಳಿಯ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುವ ದ್ರವ. ನಟ್ಟು ಸಡಿಲಿಸುವಾಗ ಚಿಮ್ಮಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಬ್ಯಾಟರಿಯ ಸ್ವಿಚ್ ಬಂದ್ ಮಾಡಿ ಕ್ಯಾಬಿನ್ ಎತ್ತಿದೆವು. ಎತ್ತಿದ ಕ್ಯಾಬಿನ್ನಿನ ಲಾಕ್ ಬಿದ್ದಿದೆಯೇ ಎಂದು ಕೈಯಲ್ಲಿ ಮುಟ್ಟಿ ನೋಡದೆ ನಾನು ಯಾರಿಗೂ ಕೆಳಗೆ ತಲೆ ಹಾಕಲು ಬಿಡುವುದಿಲ್ಲ. ಬೆಲ್ಟ್ ಸಡಿಲಿಸಿ, ಕ್ಲಚ್ಚಿನ ವೈರ್ ಕಳಚಿ, ಎರಡು ಪೈಪು ಬಿಚ್ಚಿ, ನಾಲ್ಕು ಬೋಲ್ಟು ತೆಗೆದರೆ ಕಂಪ್ರೆಸರ್ ಕೈಗೆ ಬರುತ್ತದೆ. ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ರಸ್ತೆ. ಅಂಥ ಕಡಲಂಚಿನಲ್ಲಿ ದಿನವೂ ಓಡುವ ಲಾರಿಗೆ, ಅದರಲ್ಲೂ ಮೀನಿನ ನೀರು ಸುರಿಯುವ ಲಾರಿಗೆ, ಉಪ್ಪು ಎಲ್ಲಿ ಹೊಕ್ಕಿಲ್ಲ ಎಂದು ಕೇಳಬೇಕಷ್ಟೆ. ಕಬ್ಬಿಣದ ಬೋಲ್ಟು ಅಲ್ಯೂಮಿನಿಯಂ ಬ್ರಾಕೆಟ್ಟಿಗೆ ಕಚ್ಚಿಕೊಂಡರೆ ಎಳೆದಾಡಿ ಮುರಿಯುವುದಕ್ಕಿಂತ ಒಂದು ರಾತ್ರಿ ಕಾಯುವುದು ಲೇಸು.

ಪೈಪು ಬಿಚ್ಚಿದ ಕ್ಷಣವೇ ಅದರ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಆಸಾಡಿ ಮಳೆಯಲ್ಲಿ ಅಡುಗೆಮನೆಯ ಭರಣಿಯ ಉಪ್ಪು ನೀರೊಡೆಯುವುದನ್ನು ನಾವೆಲ್ಲ ಕಂಡವರು. ಈ ಕಂಪ್ರೆಸರಿನ ಪಿಎಜಿ ಎಣ್ಣೆ ಆ ಉಪ್ಪಿನ ಜಾತಿಯದೇ, ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಒಳಗೆ ಸೇರಿದ ನೀರು ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ಕಂಡಿಯಲ್ಲಿ ಮಂಜಾಗಿ ಕಟ್ಟುತ್ತದೆ, ಕಾಲಕ್ರಮೇಣ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಮೋಡವಿಲ್ಲದ ದಿನ ಆರಿಸಿಕೊಂಡು, ಇಬ್ಬನಿ ಆರಿದ ಮೇಲೆಯೇ ಬಿಚ್ಚಲು ಕೂತದ್ದು ಅದಕ್ಕೇ.

ಚರ್ಚೆ ನಡೆದದ್ದು ಕಂಡೆನ್ಸರಿನ ಮೇಲೆ. ಜರಿ ಉದುರಿದ ಆ ಎಣ್ಣೆ ಕಂಪ್ರೆಸರಿನಲ್ಲೇ ಉಳಿಯುವುದಿಲ್ಲ, ಅಲ್ಲಿಂದ ಹೊರಟು ಮೊದಲು ಮುಟ್ಟುವುದು ಕಂಡೆನ್ಸರನ್ನು. ಈಗಿನ ಕಂಡೆನ್ಸರಿನ ಒಳಗು ನೀರು ಹರಿಯುವ ಕೊಳವೆಯಂಥದ್ದಲ್ಲ, ತೀರಾ ಸಣ್ಣ ಸಣ್ಣ ಹಾದಿಗಳು ಸಾಲುಸಾಲಾಗಿ ಇವೆ. ಒಂದು ಹಾದಿ ಕಟ್ಟಿದರೆ ಫ್ಲಶ್ಶಿನ ದ್ರಾವಣ ಪಕ್ಕದ ತೆರೆದ ಹಾದಿಯಲ್ಲಿ ಹೋಗಿಬಿಡುತ್ತದೆ, ಕಟ್ಟಿದ್ದು ಕಟ್ಟಿದ ಹಾಗೇ ಉಳಿಯುತ್ತದೆ. "ಹಳೇದನ್ನೇ ತೊಳ್ದ್ ಹಾಕ್ರೆ ಆತ್ತಿಲ್ಯಾ ಬಾವ?" ಎಂದು ಆತ ಎರಡು ಸಲ ಕೇಳಿದ. ಕಂಪ್ರೆಸರಿನ ಜೊತೆಗೆ ಇದೂ ಒಂದು ಖರ್ಚು, ಮನಸ್ಸು ಹಿಂಜರಿಯುವುದು ಸಹಜ. ಮುಂದಿನ ಏಪ್ರಿಲಿಗೆ ಮತ್ತೊಂದು ಕಂಪ್ರೆಸರ್ ತರುತ್ತೀಯಾ ಎಂದೆ. ಕಂಡೆನ್ಸರ್ ಬಂತು. ಹಳೆಯದರ ರೆಕ್ಕೆಗಳು ಉಪ್ಪುಗಾಳಿಗೆ ಪುಡಿಯಾಗಿ ಬೆರಳು ಮುಟ್ಟಿದಲ್ಲಿ ಉದುರುತ್ತಿದ್ದವು. ಒಳಗು ಸ್ವಚ್ಛವಿದ್ದರೂ ಅದು ಬಹಳ ದಿನ ಬಾಳುತ್ತಿರಲಿಲ್ಲ.

ಪೈಪುಗಳನ್ನೂ ಕ್ಯಾಬಿನ್ನಿನ ಒಳಗಿನ ಕೂಲಿಂಗ್ ಕಾಯಿಲನ್ನೂ ಒಂದೊಂದಾಗಿ ಬೇರ್ಪಡಿಸಿ, ಇಳಿಯುವ ದ್ರಾವಣ ತಿಳಿಯಾಗುವವರೆಗೆ ತೊಳೆದೆವು. ಎಕ್ಸ್‌ಪಾನ್ಶನ್ ವಾಲ್ವ್, ತೇವ ಹೀರುವ ಡ್ರೈಯರ್ ಎರಡನ್ನೂ ತೊಳೆಯುವಂತಿಲ್ಲ, ಬದಲಿಸಲೇಬೇಕು. ಡ್ರೈಯರಿನ ಮುಚ್ಚಳ ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.

ಹೊಸ ಕಂಪ್ರೆಸರ್ ಕೊಳ್ಳುವಾಗ ಒಂದು ಎಚ್ಚರಿಕೆ. ಒಂದೇ ಮಾಡೆಲ್, ಒಂದೇ ಪುಲ್ಲಿ, ನೋಡಲು ಒಂದೇ ಥರ ಇದ್ದರೂ ಕ್ಲಚ್ಚಿನ ಕಾಯಿಲ್ 12 ವೋಲ್ಟಿನದೂ ಇರುತ್ತದೆ, 24 ವೋಲ್ಟಿನದೂ ಇರುತ್ತದೆ. ದೊಡ್ಡ ಲಾರಿಗಳು ಹೆಚ್ಚಾಗಿ 24. ಅಲ್ಲಿಗೆ 12ರದನ್ನು ಹಾಕಿದರೆ ಕಾಯಿಲ್ ಸುಡುತ್ತದೆ. ಎಣ್ಣೆಯ ಲೆಕ್ಕವನ್ನೂ ಅಂಗಡಿಯಲ್ಲೇ ಕೇಳಿಕೊಳ್ಳಿ. ನಮಗೆ ಸಿಕ್ಕಿದ್ದರಲ್ಲಿ ಇಡೀ ಎಸಿಗೆ ಬೇಕಾದಷ್ಟು ಎಣ್ಣೆ ತುಂಬಿಯೇ ಬಂದಿತ್ತು. ಎಲ್ಲವನ್ನೂ ತೊಳೆದು ಒಣಗಿಸಿದ್ದರಿಂದ ಅದನ್ನು ಹಾಗೇ ಬಿಟ್ಟೆವು. ತೊಳೆಯದಿದ್ದರೆ ಪೈಪುಗಳಲ್ಲಿ ಉಳಿದ ಹಳೆ ಎಣ್ಣೆಯೂ ಸೇರಿ ಹೆಚ್ಚಾಗುತ್ತದೆ, ಹೆಚ್ಚಾದ ಎಣ್ಣೆ ಕಾಯಿಲಿನೊಳಗೆ ಕೂತು ತಂಪನ್ನೇ ತಡೆಯುತ್ತದೆ. ಕ್ಲಚ್ ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ಅರ್ಧ ಮಿಲಿಮೀಟರಿನ ಆಸುಪಾಸು. ಫೀಲರ್ ಗೇಜನ್ನು ಸುತ್ತಲೂ ಮೂರು ಕಡೆ ತೂರಿಸಿ ನೋಡಿದೆ. ಪುಲ್ಲಿಗಳು ಒಂದೇ ಗೆರೆಯಲ್ಲಿ ಇವೆಯೇ ಎಂದು ಬಡಗಿಗಳ ಹಾಗೆ ದಾರ ಎಳೆದು ಹಿಡಿದು ಪರೀಕ್ಷಿಸಿದೆ.

ಈ ಕ್ಲಚ್ಚಿನ ಬೆಲೆ ಗೊತ್ತಾಗಬೇಕಿದ್ದರೆ ಅಮೆರಿಕದ ಪ್ಯಾಕರ್ಡ್ ಕಾರನ್ನು ನೆನೆಯಬೇಕು. 1940ರ ಮಾಡೆಲಿಗೆ ಮೊದಲ ಬಾರಿ ಕಂಪನಿಯೇ ಎಸಿ ಕೂರಿಸಿ ಕೊಟ್ಟಾಗ ಅದಕ್ಕೆ ಕ್ಲಚ್ ಇರಲಿಲ್ಲ. ತಂಪು ಸಾಕೆನಿಸಿದರೆ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಬೇಕಿತ್ತು.

ಎಲ್ಲ ಜೋಡಣೆಗೂ ಹೊಸ ಓ-ರಿಂಗ್ ಹಾಕಿ, ಅವಕ್ಕೆ ಎಣ್ಣೆ ಸವರಿ ಬಿಗಿದ ಮೇಲೆ ಹುಡುಗ ನೈಟ್ರೋಜನ್ ಸಿಲಿಂಡರ್ ತಂದ. ಒತ್ತಡ ಏರಿಸಿ, ಸೋಪಿನ ನೀರನ್ನು ಬ್ರಶ್ಶಿನಲ್ಲಿ ಹಚ್ಚುತ್ತಾ ಬಂದೆವು. ಕಂಪ್ರೆಸರಿನಿಂದ ಹೊರಡುವ ಸಣ್ಣ ಪೈಪಿನಲ್ಲಿ, ರಬ್ಬರನ್ನು ಲೋಹಕ್ಕೆ ಒತ್ತಿ ಕೂರಿಸಿದ ಕಡೆ, ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು. ಮಳೆಗಾಲದಲ್ಲಿ ಒಣಗಿದ ಸೀಲ್ ಜೊತೆಗೆ ಇನ್ನೊಂದು ಕಡೆಯಿಂದಲೂ ಸೋರುತ್ತಿತ್ತು, ಜನವರಿಯ ಲೆಕ್ಕ ಅದರದು. ಮೂರು ಸಲ ಗ್ಯಾಸ್ ತುಂಬಿಸಿದ ಕೈಗಳಲ್ಲಿ ಒಂದಾದರೂ ಈ ಸೋಪಿನ ನೀರು ಹಚ್ಚಿದ್ದರೆ ಕಂಪ್ರೆಸರ್ ಇವತ್ತು ಬದುಕಿರುತ್ತಿತ್ತು.

ಪೈಪು ಬದಲಿಸಿ, ಮತ್ತೆ ಪರೀಕ್ಷಿಸಿ, ವ್ಯಾಕ್ಯೂಮ್ ಪಂಪ್ ಹಚ್ಚಿದೆವು. ಇದು ಬರೀ ಗಾಳಿ ತೆಗೆಯುವ ಕೆಲಸವಲ್ಲ. ಒಳಗಿನ ಒತ್ತಡ ಹೊರಗಿನದರ 24ರಲ್ಲಿ ಒಂದು ಪಾಲಿಗೆ ಇಳಿದರೆ 30 ಡಿಗ್ರಿಯಲ್ಲೇ ನೀರು ಕುದಿಯುತ್ತದೆ. ಆಗ ಪೈಪಿನ ಗೋಡೆಗೆ ಅಂಟಿದ ತೇವ ಆವಿಯಾಗಿ ಹೊರಗೆ ಬರುತ್ತದೆ. ನಮ್ಮ ಕಡಲತೀರದ ಹವೆಗೆ ಹತ್ತು ನಿಮಿಷದ ವ್ಯಾಕ್ಯೂಮ್ ಸಾಲದು. ಒಂದು ಗಂಟೆ ಓಡಿಸಿದೆವು, ಪಂಪ್ ನಿಲ್ಲಿಸಿ ಅರ್ಧ ಗಂಟೆ ಕಾದೆವು. ಮುಳ್ಳು ಕದಲಲಿಲ್ಲ.

ಗ್ಯಾಸನ್ನು ತೂಕದಲ್ಲಿ ತುಂಬಬೇಕು. ಎಷ್ಟು ಗ್ರಾಂ ಎಂದು ಲಾರಿಯ ಮೇಲೆ ಅಂಟಿಸಿದ ಚೀಟಿಯಲ್ಲೇ ಇರುತ್ತದೆ. ಗೇಜಿನ ಮುಳ್ಳು ನೋಡಿ ಅಂದಾಜಿಗೆ ತುಂಬುವವರನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ಮುಳ್ಳು ಹೊರಗಿನ ಸೆಕೆಗೆ ತಕ್ಕಂತೆ ಏರಿ ಇಳಿಯುತ್ತದೆ. ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಕ್ಲಚ್ ತಟ್ಟೆಯನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಿದೆ. ಕಂಪ್ರೆಸರಿನ ಸಿಲಿಂಡರಿನಲ್ಲಿ ದ್ರವವೋ ಎಣ್ಣೆಯೋ ನಿಂತಿದ್ದರೆ ಹಾಗೆ ಮೆಲ್ಲಗೆ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಮೊದಲ ಏಟಿಗೇ ವಾಲ್ವಿನ ತೆಳು ತಗಡು ಮುರಿಯುತ್ತದೆ, ದ್ರವವನ್ನು ಒತ್ತಿ ಕುಗ್ಗಿಸಲು ಯಾವ ಪಿಸ್ಟನ್ನಿಗೂ ಆಗದು. ಪ್ರೆಶರ್ ಸ್ವಿಚ್ಚಿನ ಸಾಕೆಟ್ಟಿನಿಂದ ಆ ವೈರ್ ತುಂಡನ್ನು ನಾನೇ ಕಿತ್ತು ತೆಗೆದು, ಸಾಕೆಟ್ಟನ್ನು ಅದರ ಜಾಗದಲ್ಲಿ ಕೂರಿಸಿದೆ.

ಇಂಜಿನ್ ಹೊರಟಿತು. ಸ್ವಿಚ್ ಒತ್ತಿದಾಗ ಕ್ಲಚ್ಚಿನದು ಒಂದೇ 'ಟಕ್'. ದಪ್ಪ ಪೈಪು ತಣ್ಣಗಾಗಿ ಬೆವರತೊಡಗಿತು, ಸಣ್ಣ ಪೈಪು ಕೈ ಇಡಲಾರದಷ್ಟು ಬಿಸಿಯಾಯಿತು. ಹಾಗೇ ಆಗಬೇಕು. ಕಾಲು ಗಂಟೆಯಲ್ಲಿ ಕ್ಯಾಬಿನ್ನಿನ ಕಂಡಿಗೆ ಸಿಕ್ಕಿಸಿದ ಥರ್ಮಾಮೀಟರ್ 9 ಡಿಗ್ರಿ ತೋರಿಸಿತು. ಬಾವ ಅದನ್ನು ನೋಡಲಿಲ್ಲ. ಲಾರಿಯ ಕೆಳಗೆ ಬಗ್ಗಿ, ಅಂಗಳದ ಕೆಂಪು ಮಣ್ಣಿನ ಮೇಲೆ ತೊಟ್ಟಿಕ್ಕುತ್ತಿದ್ದ ನೀರನ್ನು ಕೂಗಿ ತೋರಿಸಿದ. "ಕಾಣಿ, ನೀರ್ ಬತ್ತ್ ಇತ್ತ್!" ಕ್ಯಾಬಿನ್ನಿನ ಗಾಳಿಯ ತೇವ ತಣ್ಣನೆಯ ಕಾಯಿಲಿಗೆ ತಾಗಿ ಇಳಿಯುವ ನೀರು ಅದು. ಆತನಿಗೆ ಅದೇ ಥರ್ಮಾಮೀಟರು.

ಇದನ್ನು ಮೇ ತಿಂಗಳ ಕೊನೆಯ ವಾರದಲ್ಲಿ ಬರೆಯುತ್ತಿದ್ದೇನೆ. ಇನ್ನು ಕೆಲವೇ ದಿನಗಳಲ್ಲಿ ಗಂಗೊಳ್ಳಿ, ಮಲ್ಪೆ, ಭಟ್ಕಳದ ಬೋಟುಗಳು ದಡ ಸೇರುತ್ತವೆ, ಲಾರಿಗಳು ಅಂಗಳ ಸೇರುತ್ತವೆ. ಲಾರಿ ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ. ಈ 61 ದಿನಗಳಲ್ಲಿ ವಾರಕ್ಕೊಮ್ಮೆ, ಮಳೆ ಹೊಳವಾದ ಹೊತ್ತಿನಲ್ಲಿ, ಇಂಜಿನ್ ಸ್ಟಾರ್ಟ್ ಮಾಡಿ ಎಸಿಯನ್ನು ಹತ್ತು ನಿಮಿಷ ಓಡಿಸಿ. ಆಗಸ್ಟಿನಲ್ಲಿ ತಂಪು ಕಡಿಮೆ ಅನಿಸಿದರೆ ಗ್ಯಾಸ್ ತುಂಬಿಸುವ ಮೊದಲು ಸೋಪಿನ ನೀರು ಹಚ್ಚಿಸಿ, ಸೋರುವ ಜಾಗವನ್ನು ನಿಮ್ಮ ಕಣ್ಣಿಂದಲೇ ನೋಡಿ.