ಒಪ್ಪಿಗೆ ಕೇಳದ ಬೆಳಕು

ಅಮೆರಿಕದ ಛಾಯಾಗ್ರಾಹಕ ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಅವರ ‘ಹೆಡ್ಸ್’ ಸರಣಿಯ 13ನೆಯ ಚಿತ್ರದಲ್ಲಿ ಬಿಳಿಗಡ್ಡದ, ಕಪ್ಪು ಟೋಪಿಯ ವೃದ್ಧರೊಬ್ಬರಿದ್ದಾರೆ. ಹಿಂದೆ ಕತ್ತಲು, ಬೆಳಕೆಲ್ಲ ಅವರ ಮೇಲೆ. ಗರ್ಭಗುಡಿಯ ದೀಪದಲ್ಲಿ ಕಾಣುವ ಮೂರ್ತಿಯ ಗಾಂಭೀರ್ಯ ಆ ಮುಖಕ್ಕಿದೆ. ನಿಜದಲ್ಲಿ ಅವರು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ತಮ್ಮ ಪಾಡಿಗೆ ನಡೆದುಹೋಗುತ್ತಿದ್ದರು. 1999ರಿಂದ 2001ರವರೆಗೆ ಡಿಕೋರ್ಸಿಯಾ ಅಲ್ಲಿ ಸಾರವೆಗೆ ಫ್ಲ್ಯಾಶ್ ದೀಪ ಕಟ್ಟಿ, ಸುಮಾರು 20 ಅಡಿ ದೂರದಿಂದ, ದಾರಿಹೋಕರಿಗೆ ತಿಳಿಯದಂತೆ ಫೋಟೋ ತೆಗೆದರು.

ಚಿತ್ರದ ಶಕ್ತಿ ಇರುವುದೇ ಈ ತಿಳಿಯದಿರುವಿಕೆಯಲ್ಲಿ. ಕ್ಯಾಮೆರಾ ಕಂಡೊಡನೆ ನಾವೆಲ್ಲ ಧರಿಸುವ ಮುಖ ಇಲ್ಲಿಲ್ಲ. ಮೊದಲೇ ಕೇಳಿದ್ದರೆ ಈ ಚಿತ್ರ ಹುಟ್ಟುತ್ತಲೇ ಇರಲಿಲ್ಲ. ಇದನ್ನು ನಾನು ಒಪ್ಪುತ್ತೇನೆ.

ಆ ವೃದ್ಧರು ಸಂಪ್ರದಾಯಸ್ಥ ಯಹೂದಿ. ಮೂರ್ತಿಯಾಗುವುದೇ ತಮ್ಮ ಧರ್ಮಕ್ಕೆ ನಿಷಿದ್ಧ ಎಂದು ನಂಬಿದವರು. ಚಿತ್ರದ ಹತ್ತು ಪ್ರತಿಗಳು ತಲಾ 20ರಿಂದ 30 ಸಾವಿರ ಡಾಲರಿಗೆ ಮಾರಾಟವಾಗಿದ್ದವು. ವಿಷಯ ತಿಳಿದು 2005ರಲ್ಲಿ ಅವರು ದಾವೆ ಹೂಡಿದರು. ಒಪ್ಪಿಗೆಯಿಲ್ಲದೆ ಒಬ್ಬರ ಚಿತ್ರವನ್ನು ಜಾಹೀರಾತಿಗೋ ವ್ಯಾಪಾರಕ್ಕೋ ಬಳಸುವುದನ್ನು ನ್ಯೂಯಾರ್ಕಿನ ಕಾನೂನು ತಡೆಯುತ್ತದೆ. ಇದು ಕಲೆ, ಮಾರಿದ ಮಾತ್ರಕ್ಕೆ ವ್ಯಾಪಾರವಲ್ಲ ಎಂದು 2006ರಲ್ಲಿ ನ್ಯಾಯಾಲಯ ಹೇಳಿತು. ದಾವೆಯ ಅವಧಿಯೂ ಮೀರಿತ್ತು. ವೃದ್ಧರು ಸೋತರು.

ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ಪ್ರತಿ ಮುಖಕ್ಕೂ ಒಪ್ಪಿಗೆಪತ್ರ ಬೇಕೆಂದರೆ ರಘು ರಾಯ್ ಅವರ ಬೀದಿಗಳು ಖಾಲಿಯಾಗುತ್ತವೆ. ನನ್ನ ತಕರಾರು ಸಾರವೆಯ ಬಗ್ಗೆ. ಗುಂಪಿನೊಳಗೆ ನಡೆಯುವ ಛಾಯಾಗ್ರಾಹಕ ತಾನೂ ಕಣ್ಣಿಗೆ ಬೀಳುತ್ತಾನೆ. ಅವನನ್ನು ಬೈಯಬಹುದು, ಮುಖ ತಿರುಗಿಸಬಹುದು. ಡಿಕೋರ್ಸಿಯಾ ಕಟ್ಟಿದ್ದು ‘ಬೇಡ’ ಎನ್ನಲು ಎಡೆಯೇ ಇಲ್ಲದ ಏರ್ಪಾಟು. ಕ್ಲಿಕ್ಕಿಸುವ ಮುನ್ನ ಕೇಳುವುದು ಕಲೆಗೆ ಅಡ್ಡಿ, ಸರಿ. ಗೋಡೆಗೆ ತೂಗುಹಾಕುವ ಮುನ್ನ ಕೇಳಿದ್ದರೆ ಕಲೆಗೆ ಏನು ಕುಂದಾಗುತ್ತಿತ್ತು?

ಊರಲ್ಲಿ ಇಂಥವರ ಮಗ, ಇಂಥವರ ಮೊಮ್ಮಗಳು ಎನಿಸಿಕೊಂಡು ಬಂದ ನಮಗೆ ಮುಂಬಯಿಯೋ ದೆಹಲಿಯೋ ಕೊಟ್ಟ ದೊಡ್ಡ ಬಿಡುಗಡೆ, ಯಾರೂ ಅಲ್ಲದೆ ನಡೆಯುವುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯ 2017ರ ತೀರ್ಪು ಬೀದಿ ಛಾಯಾಗ್ರಹಣದ ಕುರಿತಾದುದಲ್ಲ. ಆದರೂ ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ಖಾಸಗಿತನ ಕಳೆದುಹೋಗದು ಎಂಬ ಅದರ ಮಾತು ಈ ಚಿತ್ರದ ಮುಂದೆ ನೆನಪಾಗುತ್ತದೆ.

13ನೆಯ ಚಿತ್ರ ಶ್ರೇಷ್ಠವೇ. ಅದರ ಶ್ರೇಷ್ಠತೆಯಲ್ಲಿ ಅರ್ಧ ಪಾಲು ಆ ವೃದ್ಧರದು. ಅವರಿಗೆ ಅದರಲ್ಲಿ ಸಿಕ್ಕಿದ್ದು ಒಂದು ಸಂಖ್ಯೆ ಮಾತ್ರ.