ಸುಲಿಂಗ್ ನಿದ್ದೆ ಮಾತ್ರೆಯಲ್ಲ

ಸುಂಡಾ ಜನರ ಬಿದಿರಿನ ಕೊಳಲು ಸುಲಿಂಗ್. ನಮ್ಮಂಥವರಿಗೆ ಅದು ಸಿಗೋದು ಸ್ಪಾಗಳಲ್ಲಿ, 'ರಿಲ್ಯಾಕ್ಸ್' ಪ್ಲೇಲಿಸ್ಟ್‌ಗಳಲ್ಲಿ. ಈ ಬಳಕೆ ಬಗ್ಗೆ ನನ್ನದೊಂದು ತಕರಾರಿದೆ.

ಪಶ್ಚಿಮ ಜಾವಾದ ಚಿಯಾಂಜುರ್‌ನಲ್ಲಿ ಬೆಳೆದ ತೆಂಬಾಂಗ್ ಗಾಯನದಲ್ಲಿ ಸುಲಿಂಗ್ ಹಾಡುವವರ ನೆರಳು. ಅವರ ಸಾಲಿನ ಬೆನ್ನಿಗೇ ಹೋಗುತ್ತೆ, ಅವರು ನಿಲ್ಲಿಸಿದಾಗ ಆ ಜಾಗ ತುಂಬುತ್ತೆ. ಹಾಡುವವರನ್ನು ಬಿಟ್ಟು ಕಚಾಪಿ ಅನ್ನೋ ತಂತಿವಾದ್ಯದ ಜೊತೆ ಸುಲಿಂಗ್ ನುಡಿಸಿದರೆ ಅದು 'ಕಚಾಪಿ ಸುಲಿಂಗ್'. ಪ್ಲೇಲಿಸ್ಟ್‌ಗಳಲ್ಲಿ ಹೆಚ್ಚಾಗಿ ಇರೋದು ಇದೇ.

ಸುಲಿಂಗನ್ನು ನೆಟ್ಟಗೆ ಹಿಡಿದು ಊದುತ್ತಾರೆ. ತುದಿಗೆ ಸುತ್ತಿದ ಪಟ್ಟಿಯೇ ಗಾಳಿಯನ್ನು ದನಿ ಹುಟ್ಟುವ ಕಿಂಡಿಗೆ ತಲುಪಿಸುತ್ತೆ. ಹಾಗಾಗಿ ದನಿ ಹೊರಡಿಸೋದು ನಮ್ಮ ಅಡ್ಡ ಕೊಳಲಿನಷ್ಟು ಕಷ್ಟವಲ್ಲ. ಕಷ್ಟ ಶುರುವಾಗೋದು ಆಮೇಲೆ. ಅದೇ ಆರು ರಂಧ್ರಗಳಲ್ಲಿ ಬೆರಳು ಬದಲಿಸಿ ಪೆಲೋಗ್, ಸೊರೋಗ್ ಎರಡೂ ಸ್ವರಶ್ರೇಣಿ ಹಿಡೀಬೇಕು. ಸ್ವರವನ್ನು ಗಂಟಲಿನ ಹಾಗೆ ನಡುಗಿಸಬೇಕು, ಜಾರಿಸಬೇಕು.

ಇಷ್ಟೆಲ್ಲಾ ಕೆಲಸವನ್ನು ನಾವು ಈಮೇಲ್ ಟೈಪ್ ಮಾಡ್ತಾ ಕೇಳಿ 'ಶಾಂತವಾಗಿದೆ' ಅಂತ ಮುಗಿಸ್ತೀವಿ. ಬುರ್ಹಾನ್ ಸುಕರ್ಮಾ ನುಡಿಸಿದ್ದನ್ನು ಹತ್ತು ನಿಮಿಷ, ಬೇರೆಲ್ಲ ಬಿಟ್ಟು ಕೇಳಿ. ಹಾಡುವವರು ಇದ್ದಿದ್ರೆ ಎಲ್ಲಿ ಉಸಿರು ತಗೊಳ್ತಿದ್ರು ಅಂತ ಊಹಿಸ್ತಾ ಹೋಗಿ. ನಿದ್ದೆ ಬರಲ್ಲ.