ಅಂಕಿತವಿಲ್ಲದ ಹಾಡು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವಿಜಾಪುರ ಜಿಲ್ಲೆ ಕನ್ನಡಕ್ಕೆ ಎರಡು ದೊಡ್ಡ ಸಂಗ್ರಹಗಳನ್ನು ಕೊಟ್ಟಿತು. ಒಂದು, 1923ರಲ್ಲಿ ಫ.ಗು. ಹಳಕಟ್ಟಿಯವರು ತಂದ 'ವಚನಶಾಸ್ತ್ರಸಾರ'. ಇನ್ನೊಂದು, 1931ರಲ್ಲಿ ಹಲಸಂಗಿ ಗೆಳೆಯರು ತಂದ 'ಗರತಿಯ ಹಾಡು'. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಕಡೆ ಯಾವ ಊರಿನ ಸಾಹಿತ್ಯ ಸಭೆಗೆ ಹೋದರೂ ಇವೆರಡರ ಗುಣಗಾನ ಇದ್ದದ್ದೇ. ಇರಲಿ, ಅದು ಸಲ್ಲಬೇಕಾದದ್ದೇ. ಆದರೆ ಗುಣಗಾನ ವಿಮರ್ಶೆಯಲ್ಲ. ಈ ಎರಡು ಪುಸ್ತಕಗಳನ್ನು ಮಗ್ಗುಲಲ್ಲಿ ಇಟ್ಟುಕೊಂಡು ನಮ್ಮ ಕೇರಿಯ ಕಡೆಯಿಂದ ಓದಿದರೆ ಏನು ಕಾಣುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಹಳಕಟ್ಟಿಯವರು ವಕೀಲರು. ತಾಡವೋಲೆ, ಕೈಬರಹ ಹುಡುಕಿಕೊಂಡು ಮನೆ ಮನೆ, ಮಠ ಮಠ ಅಲೆದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ತೆಗೆದರು. ಅವರು ತೆರೆದ ದಾರಿಯಲ್ಲಿ ಬಸವಣ್ಣ, ಅಲ್ಲಮರಷ್ಟೇ ಬರಲಿಲ್ಲ. ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ, ಉರಿಲಿಂಗಪೆದ್ದಿ ಮತ್ತು ಅವನ ಹೆಂಡತಿ ಕಾಳವ್ವೆಯೂ ನಮಗೆ ಸಿಕ್ಕರು. ಎಂಟು ನೂರು ವರ್ಷ ದಾಟಿ ಇವರು ಹೇಗೆ ಉಳಿದರು? ವಚನಕ್ಕೆ ಅಂಕಿತ ಇತ್ತು. ಕಾಳವ್ವೆಯ ಅಂಕಿತದಲ್ಲಿ ಗಂಡನ ಹೆಸರೇ ಇದೆ, ಅದು ಬೇರೆ ಚರ್ಚೆ. ಆದರೂ ಆ ಮಾತು ಅವಳದೇ ಎಂದು ಇವತ್ತಿಗೂ ಹೇಳಬಹುದು. ಯಾರೂ ಅದನ್ನು ಇನ್ನೊಬ್ಬರ ಬಾಯಿಗೆ ಹಾಕಲಿಕ್ಕೆ ಬರುವುದಿಲ್ಲ.

ಈಗ ಹಲಸಂಗಿಗೆ ಬರೋಣ. ಊರು ಆಗ ಇಂಡಿ ತಾಲೂಕಿನದು, ಈಗ ಚಡಚಣ ತಾಲೂಕಿಗೆ ಸೇರಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಇವರು ಹಳ್ಳಿಯಲ್ಲೇ ಇದ್ದು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡವರು. ಗುಂಪಿನಲ್ಲಿ ಲಿಂಗಾಯತರೂ ಇದ್ದರು, ಮುಸಲ್ಮಾನರೂ ಇದ್ದರು. 1931ರ ಪುಸ್ತಕದ ಮೇಲೆ 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಬಂದವು. ಬಿ.ಎಂ.ಶ್ರೀ., ಮಾಸ್ತಿ, ಬೇಂದ್ರೆಯವರಂಥವರು ಮುನ್ನುಡಿ ಬರೆದು ಈ ಹಾಡುಗಳನ್ನು ಎತ್ತಿ ಹಿಡಿದರು. ಓದು ಬರಹ ಬಾರದ ಹೆಂಗಸರ ಹಾಡು ಕಾವ್ಯ ಎಂದು ಒಪ್ಪಿಕೊಂಡದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಈ ಗೆಳೆಯರು ಆವತ್ತು ಪೆನ್ನು ಹಿಡಿಯದಿದ್ದರೆ ಇವತ್ತು ನಾನು ಜಗಳ ತೆಗೆಯಲಿಕ್ಕೂ ಹಾಡು ಇರುತ್ತಿರಲಿಲ್ಲ.

ನನ್ನ ತಕರಾರು ಇರುವುದು ಹೆಸರಿನಲ್ಲಿ. ಬೀಸುಕಲ್ಲಿನ ಹಾಡಿಗೆ ಅಂಕಿತವಿಲ್ಲ. ಅಂಕಿತವಿಲ್ಲದ ಹಾಡಿಗೆ ಪುಸ್ತಕವೇ ಒಂದು ಅಂಕಿತ ಹಚ್ಚಿತು: ಗರತಿ. ಈ ಶಬ್ದ ಸುಮ್ಮನೆ 'ಹೆಂಗಸು' ಎಂಬ ಅರ್ಥದ್ದಲ್ಲ. ಗರತಿ ಅಂದರೆ ಮಾನವಂತೆ, ಮದುವೆಯಾದವಳು, ಮನೆತನದವಳು. ಗರತಿ ಅಲ್ಲದವಳು ಯಾರು ಎಂಬುದನ್ನೂ ಅದೇ ಶಬ್ದ ಹೇಳದೆ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ದೇವರ ಹೆಸರಿನ ಮೇಲೆ ಮುತ್ತು ಕಟ್ಟಿಸಿಕೊಂಡ ಹುಡುಗಿಯರು ಬಹಳ ಮಟ್ಟಿಗೆ ಯಾವ ಕೇರಿಯವರು? ಮಾದರ ಕೇರಿಯವರು, ಹೊಲೆಯರ ಕೇರಿಯವರು. 'ಗರತಿಯ ಹಾಡು' ಬಂದ ಮೂರೇ ವರ್ಷಕ್ಕೆ, 1934ರಲ್ಲಿ, ಮುಂಬಯಿ ಸರಕಾರ ದೇವದಾಸಿ ರಕ್ಷಣಾ ಕಾಯಿದೆ ಮಾಡಬೇಕಾಯಿತು. ಅದು ಸಾಲದೆ 1982ರಲ್ಲಿ ಕರ್ನಾಟಕ ಸರಕಾರ ಮತ್ತೊಂದು ಕಾಯಿದೆ ತಂದಿತು. ಕಾಯಿದೆಯ ಕಣ್ಣಿಗೆ ಬಿದ್ದ ಆ ಹೆಣ್ಣು ಕಾವ್ಯದ ಶೀರ್ಷಿಕೆಯೊಳಗೆ ಕಾಲಿಡುವ ಹಾಗಿಲ್ಲ. ಅವಳ ಮನೆಯಲ್ಲಿ ಬೀಸುಕಲ್ಲು ಇರಲಿಲ್ಲವೆ? ಅವಳು ಕೂಸು ತೂಗಲಿಲ್ಲವೆ?

ನಮ್ಮವ್ವಗ ಓದಲಿಕ್ಕೆ ಬರುತ್ತಿರಲಿಲ್ಲ. ಒಮ್ಮೆ ಅವಳಿಗೆ ಈ ಪುಸ್ತಕದ ಹಾಡುಗಳನ್ನು ಓದಿ ಹೇಳಿದೆ. ಎಷ್ಟೋ ಹಾಡು ಅವಳಿಗೆ ಗೊತ್ತಿದ್ದವೇ. ನನಗಿಂತ ಮೊದಲೇ ಮೂರನೇ ಸಾಲು ಮುಗಿಸುತ್ತಿದ್ದಳು. ಪುಸ್ತಕದ ಹೆಸರು ಹೇಳಿದಾಗ ಮಾತ್ರ, "ಹಾಡು ನಾವೂ ಹಾಡ್ತಿದ್ವಿ ತಗೋ. ಆದ್ರ ಗರತ್ಯಾರು ಅಂದ್ರ ಗೌಡ್ರ ಮನ್ಯಾಗಿನವ್ರು ಅಲ್ಲೇನೋ ತಮ್ಮಾ?" ಅಂದಳು. ವಿಮರ್ಶೆಯ ಪುಸ್ತಕಗಳಲ್ಲಿ ನನಗೆ ಸಿಗದ ಮಾತು ಇದು.

ಇದು ಬರೀ ಹೆಸರಿನ ಜಗಳ ಅಂತ ಕೆಲವರು ಅನ್ನಬಹುದು. ಅಲ್ಲ, ಅರ್ಥದ ಜಗಳ. ತವರಿನ ಹಾಡುಗಳನ್ನೇ ತಗೊಳ್ಳಿ. ಪಂಚಮಿಗೆ ಅಣ್ಣ ಕರೆಯಲಿಕ್ಕೆ ಬರಲಿಲ್ಲ ಎಂದು ತಂಗಿ ದಾರಿ ನೋಡುವುದು ನಮ್ಮ ಕಡೆಯ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಒಕ್ಕಲುತನದ ಮನೆಯ ಹೆಣ್ಣು ಇದನ್ನು ಹಾಡಿದರೆ ಅದರ ಹಿಂದೆ ಅತ್ತಿಗೆಯ ಮೇಲಿನ ಸಿಟ್ಟು ಇದ್ದೀತು, ಅಣ್ಣ ಮರೆತನೆಂಬ ನೋವು ಇದ್ದೀತು. ಕೇರಿಯ ಹೆಣ್ಣು ಹಾಡಿದರೆ? ಅವಳ ಅಣ್ಣ ಗೌಡರ ಮನೆಯಲ್ಲಿ ಜೀತಕ್ಕಿದ್ದಾನೆ. ಧಣಿ ಬಿಡದೆ ಅವನು ಊರು ದಾಟುವ ಹಾಗಿಲ್ಲ. ಅವಳಿಗೆ ಅದು ಗೊತ್ತು. ಮರೆವಿನ ಮಾತೇ ಅಲ್ಲಿಲ್ಲ. ಹಾಡು ಅದೇ, ಶಬ್ದ ಅವೇ, ಆದರೆ ಒಂದು ಬಾಯಿಯಲ್ಲಿ ಅದು ಮುನಿಸು, ಇನ್ನೊಂದು ಬಾಯಿಯಲ್ಲಿ ಧಣಿಯ ಮೇಲಿನ ಆರೋಪ. ತ್ರಿಪದಿಗಳನ್ನು ತವರು, ಅತ್ತೆಮನೆ, ಗಂಡ, ಮಕ್ಕಳು ಎಂದು ಸಂಬಂಧಗಳ ಸಾಲಿನಲ್ಲಿ ಜೋಡಿಸಿದಾಗ ಈ ಎರಡನೇ ಅರ್ಥ ಬಿದ್ದುಹೋಗುತ್ತದೆ. ಉಳಿಯುವುದು ಜಾತಿಯಿಲ್ಲದ, ಕೂಲಿಯಿಲ್ಲದ ಒಂದು ಚೆಂದದ ಹಳ್ಳಿ.

ಜೋಳದ ವಿಷಯವೂ ಹೀಗೇ. 'ಡೋಣಿ ಬೆಳೆದರೆ ಓಣೆಲ್ಲ ಜೋಳ' ಎನ್ನುವುದು ನಮ್ಮ ಸೀಮೆಯ ಗಾದೆ. ಸಭೆಗಳಲ್ಲಿ ಇದನ್ನು ಹೇಳದವರಿಲ್ಲ. ಯಾವ ಓಣಿ? ಓಣಿಗೂ ಕೇರಿಗೂ ನಡುವೆ ಗೆರೆಯಿತ್ತು. ಒಂದು ಬೀಸುಕಲ್ಲಿಗೆ ಜೋಳ ಹಗೇವಿನಿಂದ ಬಂದರೆ, ಇನ್ನೊಂದಕ್ಕೆ ಬಂದದ್ದು ಕಣದ ಅಂಚಿಗೆ ನಿಂತು ಸೆರಗೊಡ್ಡಿ ತಂದ ಆಯದಿಂದ.

'ಜನಪದಕ್ಕೆ ಕರ್ತೃ ಇಲ್ಲ, ಅದು ಸಮೂಹದ್ದು' ಎಂದು ಪಂಡಿತರು ಹೇಳುತ್ತಾರೆ. ಕಟ್ಟಿದವಳು ಯಾರೋ ಗೊತ್ತಿರಲಿಕ್ಕಿಲ್ಲ, ಒಪ್ಪುತ್ತೇನೆ. ಆದರೆ ಬರೆದುಕೊಳ್ಳುವವನ ಎದುರಿಗೆ ಕೂತು ಹಾಡಿದವಳು ಅನಾಮಿಕಳಲ್ಲ. ಅವಳಿಗೆ ಹೆಸರಿತ್ತು, ಕೇರಿಯಿತ್ತು, ಆ ದಿನ ಅವಳು ಯಾರ ಹೊಲಕ್ಕೆ ಹೋಗಿ ಬಂದಿದ್ದಳು ಎಂಬುದಿತ್ತು. 'ಸಮೂಹ' ಎಂಬ ದೊಡ್ಡ ಶಬ್ದದ ಕೆಳಗೆ ಊರೂ ಕೇರಿಯೂ ಒಂದೇ ಆಗಿ ಕಾಣುತ್ತವೆ. ಊರೊಳಗೆ ಮಾತ್ರ ಬಾವಿ ಒಂದಿರಲಿಲ್ಲ.

ಕಾಲ ಮುಗ್ಧವಾಗಿತ್ತು, ಆಗ ಈ ಪ್ರಶ್ನೆಗಳೇ ಇರಲಿಲ್ಲ ಎನ್ನುವ ಮಾತನ್ನೂ ನಾನು ಒಪ್ಪಲಾರೆ. ಇದೇ ಮುಂಬಯಿ ಪ್ರಾಂತದಲ್ಲಿ, 'ವಚನಶಾಸ್ತ್ರಸಾರ' ಬಂದ 1923ರಲ್ಲೇ, ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಎಸ್.ಕೆ. ಬೋಲೆಯವರ ಗೊತ್ತುವಳಿಯನ್ನು ವಿಧಾನ ಪರಿಷತ್ತು ಒಪ್ಪಿತ್ತು. 1925ರಲ್ಲಿ ಬಾಬಾಸಾಹೇಬರು ನಿಪ್ಪಾಣಿಯ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರು. 1927ರಲ್ಲಿ ಮಹಾಡದ ಕೆರೆ ನೀರು ಮುಟ್ಟಿದರು. 1928ರಲ್ಲಿ, ಊರ ಬಿಟ್ಟಿ ಚಾಕರಿಯನ್ನು ಹುಟ್ಟಿನಿಂದಲೇ ಕುತ್ತಿಗೆಗೆ ಕಟ್ಟುವ 1874ರ ವತನ ಕಾಯಿದೆಯನ್ನು ತಿದ್ದುವ ಮಸೂದೆ ಮಂಡಿಸಿದರು. ಅದು ಕಾಯಿದೆಯಾಗಲಿಲ್ಲ. ಆ ವತನ ಕಾಯಿದೆ ಇಂಡಿಗೂ ಸಿಂದಗಿಗೂ ಲಾಗೂ ಇತ್ತು. ಹೀಗೆ ಒಂದು ಕಡೆ ಹಳ್ಳಿಯ ಚೆಲುವನ್ನು ಸಂಗ್ರಹಿಸುತ್ತಿದ್ದ ವರ್ಷಗಳಲ್ಲೇ ಇನ್ನೊಂದು ಕಡೆ ಹಳ್ಳಿಯ ಮೇಲೆ ಖಟ್ಲೆ ನಡೆದಿತ್ತು. ನಮ್ಮ ಸಾಹಿತ್ಯ ಚರಿತ್ರೆಕಾರರು ಇವೆರಡನ್ನೂ ಒಂದೇ ಅಧ್ಯಾಯದಲ್ಲಿ ಬರೆಯದೆ ಬಂದದ್ದು ಆಕಸ್ಮಿಕ ಅಂತ ನನಗನಿಸುವುದಿಲ್ಲ.

1975ರಲ್ಲಿ ಸಿದ್ಧಲಿಂಗಯ್ಯನವರ ಸಂಕಲನ ಬಂತು. ಹೆಸರು 'ಹೊಲೆಮಾದಿಗರ ಹಾಡು'. 'ಗರತಿಯ ಹಾಡು' ಎಂಬ ಶೀರ್ಷಿಕೆಯಿಂದ ಈ ಶೀರ್ಷಿಕೆಗೆ ಬರಲು ಕನ್ನಡಕ್ಕೆ ನಲವತ್ತನಾಲ್ಕು ವರ್ಷ ಬೇಕಾಯಿತು. ಹಾಡು ಯಾರದು ಎಂದು ಹಾಡಿದವರೇ ಎದೆ ತಟ್ಟಿ ಹೇಳಿದ್ದು ಅಲ್ಲಿ. ಆದರೂ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಒಂದು ಶೀರ್ಷಿಕೆಯಲ್ಲಿ ಹೆಣ್ಣಿದ್ದಾಳೆ, ಜಾತಿಯಿಲ್ಲ. ಇನ್ನೊಂದರಲ್ಲಿ ಜಾತಿಯಿದೆ, ಹೆಣ್ಣು ಎದ್ದು ಕಾಣುವುದಿಲ್ಲ. ಕೇರಿಯ ಹೆಣ್ಣು ಇವೆರಡರ ನಡುವೆ ನಿಂತಿದ್ದಾಳೆ. ಈ ಮಾತನ್ನು ದಲಿತ ಲೇಖಕರಾದ ನಾವೂ ಕೇಳಿಸಿಕೊಳ್ಳಬೇಕು.

ವಿದ್ಯಾರ್ಥಿಗಳಿಗೆ, ಕಾರ್ಯಕರ್ತರಿಗೆ ಒಂದು ಮಾತು. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾಯಿತು. ಬೀಸುತ್ತ ಹಾಡಿದ ಮುದುಕಿಯರು ನಾಲ್ಕೂ ತಾಲೂಕುಗಳ ಕೇರಿಗಳಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಮಕ್ಕಳು ಗೋವಾಕ್ಕೋ ಪುಣೆಗೋ ದುಡಿಯಲಿಕ್ಕೆ ಹೋಗಿದ್ದಾರೆ, ಇವರು ಮನೆ ಕಾಯುತ್ತಾರೆ. ಹೋಗಿ ಕೂಡ್ರಿ, ಕೇಳಿ. ಹಾಡು ಬರೆದುಕೊಳ್ಳುವ ಮೊದಲು ಹಾಡಿದವಳನ್ನೇ ಕೇಳಿ, ಅವಳು ಒಪ್ಪಿದರೆ ಅವಳ ಹೆಸರು ಬರೆದುಕೊಳ್ಳಿ. ಆಮೇಲೆ ಕೇರಿ, ಆಮೇಲೆ ಅವಳು ಯಾರ ಹೊಲದಲ್ಲಿ ಎಷ್ಟು ಕೂಲಿಗೆ ದುಡಿದಳು ಎಂಬುದು. ಹಾಡು ಅದರ ಕೆಳಗೆ ಬರಲಿ.